ಹೆಸರು ಬದಲಿಸಿದರೂ ಬಾಗಿಲು ತೆರೆಯಲಿಲ್ಲ

ಮಾನ್ಯರೆ,

ಐರೋಪ್ಯ ಒಕ್ಕೂಟ ಸೇರಲು ಉತ್ತರ ಮ್ಯಾಸಿಡೋನಿಯಾ ಪಡುತ್ತಿರುವ ಪಾಡು ನೋಡಿ ನಿಜಕ್ಕೂ ಬೇಜಾರಾಗುತ್ತದೆ. 2005ರಿಂದ ಅದು ಅಭ್ಯರ್ಥಿ ದೇಶ. 'ಮ್ಯಾಸಿಡೋನಿಯಾ' ಎಂಬ ಹೆಸರಿಗೆ ತಕರಾರು ಎತ್ತಿದ್ದ ಗ್ರೀಸ್ ಒಪ್ಪಲಿ ಎಂದು 2019ರಲ್ಲಿ ತನ್ನ ಹೆಸರನ್ನೇ 'ಉತ್ತರ ಮ್ಯಾಸಿಡೋನಿಯಾ' ಎಂದು ಬದಲಾಯಿಸಿಕೊಂಡಿತು. ಕಾರುಗಳ ನಂಬರ್ ಪ್ಲೇಟ್ ಮೇಲಿದ್ದ 'ಎಂಕೆ' ಹೋಗಿ 'ಎನ್‌ಎಂಕೆ' ಬಂತು. ಊರಿನ ಹೆಸರು ಬದಲಾದರೇ ನಮಗೆ ಎಷ್ಟು ಕಸಿವಿಸಿ. ಅಲ್ಲಿ ದೇಶದ ಹೆಸರೇ ಬದಲಾಯಿತು ಅಲ್ವಾ?

ಅದೇ ವರ್ಷ ಫ್ರಾನ್ಸ್ ಅಡ್ಡ ಬಂತು. 2020ರಲ್ಲಿ ಬಲ್ಗೇರಿಯಾ ಭಾಷೆ, ಇತಿಹಾಸದ ತಕರಾರು ತೆಗೆಯಿತು. 2022ರ ಜುಲೈನಲ್ಲಿ ಮಾತುಕತೆ ಶುರುವಾದರೂ, ಸಂವಿಧಾನದಲ್ಲಿ ಅಲ್ಲಿನ ಅಲ್ಪಸಂಖ್ಯಾತ ಬಲ್ಗೇರಿಯನ್ನರ ಹೆಸರು ಸೇರಿಸದೆ ಮುಂದಿನ ಹೆಜ್ಜೆ ಇಲ್ಲ ಎಂಬ ಷರತ್ತು ಬಂತು. ಜೊತೆಯಲ್ಲೇ ಹೊರಟಿದ್ದ ಅಲ್ಬೇನಿಯಾ 2024ರಲ್ಲಿ ಮುಂದೆ ಹೋಗಿಬಿಟ್ಟಿತು.

ಅಲ್ಪಸಂಖ್ಯಾತರ ಹೆಸರು ಸೇರಿಸುವುದು ತಪ್ಪಲ್ಲ, ರಾಜಧಾನಿ ಸ್ಕೋಪಿಯೆಯಲ್ಲಿರುವ ಸರ್ಕಾರ ಅದನ್ನು ಮಾಡಲಿ. ಆದರೆ ನಾಳೆ ಇನ್ನೊಂದು ಬೇಡಿಕೆ ಬರುವುದಿಲ್ಲ ಎಂದು ಆ ದೇಶದ ಜನರಿಗೆ ಭರವಸೆ ಕೊಡುವವರು ಯಾರು? ಪ್ರತಿ ಹಂತದಲ್ಲೂ ಒಕ್ಕೂಟದ 27 ದೇಶಗಳಲ್ಲಿ ಯಾವುದೇ ಒಂದು ದೇಶ ತಡೆ ಹಾಕಬಹುದು. ಕೊನೆಯ ಸೇರ್ಪಡೆಗೆ ಎಲ್ಲರ ಒಪ್ಪಿಗೆ ಇರಲಿ. ನಡುವಿನ ಹಂತಗಳಿಗೆ ಬಹುಮತ ಸಾಕು ಎಂಬ ನಿಯಮವನ್ನು ಒಕ್ಕೂಟ ಬೇಗ ತರಬೇಕು.

- ಓದುಗ, ಧಾರವಾಡ