ಹಿನ್ನೆಲೆ ಮಸುಕಾಗಬೇಕಾದರೆ

ಚಿ. ನಿಶಾಂತನಿಗೆ ಅತ್ತೆಯ ಆಶೀರ್ವಾದಗಳು.

ನೀನು ಕಳಿಸಿದ ಫೋಟೋಗಳನ್ನೆಲ್ಲ ನೋಡಿದೆ. ಹಿನ್ನೆಲೆ ಇನ್ನಷ್ಟು ಮಸುಕಾಗಲೆಂದು ಎಫ್ 1.4 ಲೆನ್ಸ್ ಕೊಳ್ಳುವ ಯೋಚನೆ ಸದ್ಯಕ್ಕೆ ಬಿಡು. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಒಳಬರುವ ಲೆನ್ಸಿನ ಕಿಂಡಿ ದೊಡ್ಡದು, ಅಷ್ಟೇ. ಕೈಯಲ್ಲಿರುವ 50 ಎಂಎಂ ಎಫ್ 1.8, ಜೊತೆಗೆ ಆ 55-250 ಜೂಮ್ ಧಾರಾಳವಾಗಿ ಸಾಕು. ತೊಡಕಿರುವುದು, ಡೆಪ್ತ್ ಆಫ್ ಫೀಲ್ಡ್ ಮತ್ತು ಹಿನ್ನೆಲೆಯ ಮಸುಕು ಎರಡನ್ನೂ ನೀನು ಒಂದೇ ಎಂದುಕೊಂಡಿರುವುದರಲ್ಲಿ. ಫೋಕಸ್ ಮಾಡಿದ ಜಾಗದ ಹಿಂದುಮುಂದೆ ಎಷ್ಟು ದೂರ ಸ್ಪಷ್ಟವಾಗಿ ಕಾಣುತ್ತದೋ ಅದು ಡೆಪ್ತ್ ಆಫ್ ಫೀಲ್ಡ್. ಅದರಾಚೆ ಇರುವುದು ಎಷ್ಟು ಕರಗುತ್ತದೆ ಎಂಬುದರ ಲೆಕ್ಕವೇ ಬೇರೆ.

ಮೊದಲು ಅಜ್ಜಿಯ ಫೋಟೋ. ಒಂದು ಕಣ್ಣಿನ ರೆಪ್ಪೆ ಎಳೆ ಎಳೆಯಾಗಿ ಕಾಣುತ್ತಿದೆ, ಇನ್ನೊಂದು ಕಣ್ಣು ಮಂಜು. ನಿನ್ನ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ 50 ಎಂಎಂ, ಎಫ್ 1.8, ಒಂದು ಮೀಟರ್ ದೂರ ಎಂದರೆ ಸ್ಪಷ್ಟವಾಗಿ ಸಿಗುವುದು ಬರೀ 2.7 ಸೆಂ.ಮೀ. ಮುಖ ಅರ್ಧ ಪಕ್ಕಕ್ಕೆ ತಿರುಗಿದರೆ ಎರಡು ಕಣ್ಣುಗಳ ನಡುವೆಯೇ ನಾಲ್ಕು ಸೆಂ.ಮೀ. ಹಿಂದುಮುಂದಾಗುತ್ತದೆ. ಎಫ್ 4 ಇಟ್ಟಿದ್ದರೆ ಆರು ಸೆಂ.ಮೀ. ಸಿಗುತ್ತಿತ್ತು, ಎರಡೂ ಕಣ್ಣು ಉಳಿಯುತ್ತಿದ್ದವು. ಇನ್ನೊಂದು ಅಭ್ಯಾಸವನ್ನೂ ಬಿಡಬೇಕು. ನಡುವಿನ ಪಾಯಿಂಟಿನಲ್ಲಿ ಕಣ್ಣಿಗೆ ಫೋಕಸ್ ಹಿಡಿದು ಆಮೇಲೆ ಕ್ಯಾಮೆರಾ ತಿರುಗಿಸಿ ಚೌಕಟ್ಟು ಸರಿಮಾಡಿಕೊಳ್ಳುತ್ತೀಯಲ್ಲ, ಹತ್ತು ಡಿಗ್ರಿ ತಿರುಗಿಸಿದರೂ ಫೋಕಸ್ ಕಣ್ಣಿನಿಂದ ಒಂದೂವರೆ ಸೆಂ.ಮೀ. ಹಿಂದಕ್ಕೆ ಜಾರುತ್ತದೆ. ಇರುವುದೇ 2.7, ಅದರಲ್ಲಿ ಹಿಂದಕ್ಕೆ ಅರ್ಧ, ಮುಂದಕ್ಕೆ ಅರ್ಧ. ಆದ್ದರಿಂದ ಮೊದಲು ಚೌಕಟ್ಟು ಮಾಡಿಕೊ, ಫೋಕಸ್ ಪಾಯಿಂಟನ್ನೇ ಕಣ್ಣಿನ ಮೇಲಕ್ಕೆ ಸರಿಸು.

ಇನ್ನು ಹಿನ್ನೆಲೆ. ಫೋಕಲ್ ಲೆಂಗ್ತನ್ನು, ಅಂದರೆ ಲೆನ್ಸಿನ ಎಂಎಂ ಸಂಖ್ಯೆಯನ್ನು, ಎಫ್ ಸಂಖ್ಯೆಯಿಂದ ಭಾಗಿಸು: 50 ಎಂಎಂ ಎಫ್ 1.8ಕ್ಕೆ 28 ಮಿ.ಮೀ. ಬರುತ್ತದೆ, ಅದೇ ಕಿಂಡಿಯ ಅಗಲ. ವ್ಯಕ್ತಿಯಿಂದ ಹಿನ್ನೆಲೆಗಿರುವ ದೂರವನ್ನು ಕ್ಯಾಮೆರಾದಿಂದ ಹಿನ್ನೆಲೆಗಿರುವ ದೂರದಿಂದ ಭಾಗಿಸಿ, ಅದರಿಂದ ಈ 28ನ್ನು ಗುಣಿಸು. ಹಿಂದಿರುವ ಒಂದು ದೀಪದ ಚುಕ್ಕೆ ಎಷ್ಟು ಅಗಲದ ಬಿಲ್ಲೆಯಾಗಿ ಹರಡುತ್ತದೆ ಎಂಬುದು, ಮುಖದ ಪಕ್ಕ ಸ್ಕೇಲ್ ಹಿಡಿದು ಅಳೆದಂತೆ, ಸಿಕ್ಕಿತು. ತಂಗಿಯನ್ನು ಗೋಡೆಯಿಂದ ಅರ್ಧ ಮೀಟರ್ ಮುಂದೆ ನಿಲ್ಲಿಸಿ ಎರಡು ಮೀಟರ್ ದೂರದಿಂದ ತೆಗೆದಿದ್ದೀಯ. ಐದೂವರೆ ಮಿ.ಮೀ. ಅಷ್ಟೇ, ಗೋಡೆಯ ಕಲೆಯೆಲ್ಲ ಗುರುತು ಸಿಗುತ್ತದೆ. ಅವಳನ್ನೇ ಗೋಡೆಯಿಂದ ಆರು ಮೀಟರ್ ಮುಂದಕ್ಕೆ ಕರೆದು, ನೀನೂ ಹಿಂದೆ ಸರಿದು ಅವಳಿಂದ ಅದೇ ಎರಡು ಮೀಟರ್ ದೂರದಲ್ಲಿ ನಿಂತಿದ್ದರೆ 21 ಮಿ.ಮೀ. ಆಗುತ್ತಿತ್ತು. ಕಾಸು ಖರ್ಚಿಲ್ಲ.

ಜೂಮಿಗೂ ಇದೇ ಲೆಕ್ಕ. 250 ಎಂಎಂ, ಎಫ್ 5.6 ಆದರೆ 45 ಮಿ.ಮೀ. ಆದರೆ ಮುಖ ಅಷ್ಟೇ ದೊಡ್ಡದಾಗಿ ಬರಬೇಕಾದರೆ ನೀನು ಹತ್ತು ಮೀಟರ್ ದೂರ ನಿಲ್ಲಬೇಕು. ಹಿನ್ನೆಲೆ ಅವಳಿಂದ ಸುಮಾರು 11 ಮೀಟರಿಗಿಂತ ಹತ್ತಿರವಿದ್ದರೆ 50 ಎಂಎಂ ಮೇಲು, ಅದಕ್ಕಿಂತ ದೂರವಿದ್ದರೆ ಜೂಮ್ ಮೇಲು. ತೆಂಗಿನ ತೋಟ, ಕೆರೆಯ ಆಚೆ ದಡ, ಇಂಥದ್ದಕ್ಕೆಲ್ಲ ನಿಸ್ಸಂಕೋಚವಾಗಿ ಜೂಮ್ ಹಾಕು. ಫೋನಿನ ಪೋರ್ಟ್ರೇಟ್ ಮೋಡನ್ನು ಇದಕ್ಕೆ ನಂಬಬೇಡ, ಮುಡಿದ ಮಲ್ಲಿಗೆಯ ಅಂಚನ್ನೂ ಹಾರುವ ಕೂದಲನ್ನೂ ಎಷ್ಟೋ ಸಲ ಹಿನ್ನೆಲೆಯೊಂದಿಗೆ ಅಳಿಸಿಬಿಡುತ್ತದೆ.

ಮದುವೆ ಮನೆಯ ಗ್ರೂಪ್ ಫೋಟೋಕ್ಕೆ ಮಾತ್ರ ಎಫ್ 1.8 ಬೇಡವೇ ಬೇಡ. ನಾಲ್ಕು ಮೀಟರ್ ದೂರದ ಮುಂದಿನ ಸಾಲಿಗೆ ಫೋಕಸ್ ಹಿಡಿದರೆ ಅವರ ಹಿಂದೆ 24 ಸೆಂ.ಮೀ. ಮಾತ್ರ ಸ್ಪಷ್ಟ, ಹಿಂದಿನ ಸಾಲಿನ ಹಿರಿಯರೆಲ್ಲ ಮಸುಕು. ಎಫ್ 5.6ಕ್ಕೆ ಅದು 85 ಸೆಂ.ಮೀ. ದಾಟುತ್ತದೆ. ಬೆಳಕು ಸುಮಾರು ಹತ್ತರಲ್ಲೊಂದು ಪಾಲಾಗುವುದರಿಂದ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಸಂಖ್ಯೆ) 400 ಇದ್ದದ್ದನ್ನು 4000ಕ್ಕೆ ಏರಿಸು. ಚಿತ್ರ ಕಾಳುಕಾಳಾದರೆ ಆಮೇಲೆ ತಗ್ಗಿಸಬಹುದು, ಫೋಕಸ್ ತಪ್ಪಿದ ಮುಖವನ್ನು ಸರಿಪಡಿಸಲಾಗದು. ಕ್ಲಿಕ್ ಮಾಡಿದ ಮೇಲೆ ಹಿಂದಿನ ಸಾಲಿನ ಎರಡೂ ತುದಿಯ ಮುಖಗಳನ್ನು ಸ್ಕ್ರೀನಿನಲ್ಲಿ ಪೂರ್ತಿ ದೊಡ್ಡದು ಮಾಡಿ ನೋಡಿಯೇ ಎಲ್ಲರನ್ನೂ ಊಟಕ್ಕೆ ಬಿಡು.

ಇಂತಿ,
ನಿನ್ನ ಅತ್ತೆ