ಅಂಚೆ ಕೋಣೆಯ ಸೂರು ಸೋರುತ್ತಿದೆ, ಹಿಮ ಬೀಳುವ ಮೊದಲು ಕೈಜೋಡಿಸಿ

ಬಂಧುಗಳೇ, ನಮಸ್ಕಾರ.

ಕಾನ್ಸಸ್ ರಾಜ್ಯದ ಮೇರಿಸ್‌ವಿಲ್‌ನ ನಮ್ಮ ಅಂಚೆ ಸಂಗ್ರಹದ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಕಾನ್ಸಸ್ ಸಿಟಿ, ಟೊಪೀಕಾ, ಲಿಂಕನ್ ಕಡೆಯಿಂದ ಬುತ್ತಿ ಕಟ್ಟಿಕೊಂಡು ಬಂದು ನೋಡಿ ಹೋದವರು ನೀವು. ಗಾಜಿನ ಕಪಾಟು ಮಾಡಿಸುವಾಗ ದುಡ್ಡು ಕೊಟ್ಟವರೂ ನೀವೇ. ಮತ್ತೆ ಕೇಳಲು ಸಂಕೋಚ ಆಗುತ್ತದೆ. ಆದರೆ ಈ ಸಲ ತಡ ಮಾಡುವ ಹಾಗಿಲ್ಲ.

ಮೇ ತಿಂಗಳ ಆಲಿಕಲ್ಲು ಮಳೆಗೆ ಹಿಂದಿನ ಕೋಣೆಯ ಚಾವಣಿ ಹಾಳಾಯಿತು. ಟಾರ್ಪಾಲು ಕಟ್ಟಿದೆವು. ಈ ಬಯಲಿನ ಗಾಳಿ ಗೊತ್ತಲ್ವಾ, ಎರಡೇ ವಾರಕ್ಕೆ ಹರಿದು ಚಿಂದಿ ಮಾಡಿತು. ಹೋದ ತಿಂಗಳು ರಾತ್ರಿಯಿಡೀ ಮಳೆ. ಬೆಳಿಗ್ಗೆ ಬಾಗಿಲು ತೆಗೆದರೆ 1929ರ ಲಕೋಟೆಗಳ ಡಬ್ಬಿ ಪೂರ್ತಿ ಒದ್ದೆ. ಎರಡು ಸೆಂಟಿನ ಕೆಂಪು ಸ್ಟಾಂಪೊಂದು, ವಾಷಿಂಗ್ಟನ್ ಮುಖದ್ದು, ಅಂಟು ಬಿಟ್ಟು ಡಬ್ಬಿಯ ತಳದಲ್ಲಿ ಮಗುಚಿ ಬಿದ್ದಿತ್ತು. ಚಿಮಟದಲ್ಲಿ ಎತ್ತಿ ಬ್ಲಾಟಿಂಗ್ ಪೇಪರ್ ಮೇಲೆ ಹಾಕಿದೆ. ವಾಷಿಂಗ್ಟನ್ ಮೇಲೆ ಕಪ್ಪು ಮಸಿಯ 'ಕಾನ್ಸ್.' ಅನ್ನುವ ಅಕ್ಷರ ಇನ್ನೂ ಇತ್ತು. ಸದ್ಯ, ಅಷ್ಟಾದರೂ ಉಳಿಯಿತಲ್ಲ ಅನ್ನಿಸಿತು.

ಆ ಅಕ್ಷರದ ಕಥೆ ಹೇಳಲೇಬೇಕು. ಆಗ ಹಳ್ಳಿ ಕಡೆಯ ಅಂಚೆ ಕಚೇರಿಗಳಿಗೆ ಕಳ್ಳರು ನುಗ್ಗಿ ಸ್ಟಾಂಪು ಕದ್ದು ಬೇರೆ ರಾಜ್ಯಕ್ಕೆ ಹೋಗಿ ಮಾರುತ್ತಿದ್ದರು. ಅದನ್ನು ತಡೆಯಲು ಕಾನ್ಸಸ್ ಮತ್ತು ನೆಬ್ರಾಸ್ಕಾ ಎರಡಕ್ಕೇ ಅಂತ ರಾಜ್ಯದ ಹೆಸರು ಒತ್ತಿದ ಸ್ಟಾಂಪು ಬಂತು. ಒಂದು ಸೆಂಟಿನಿಂದ ಹತ್ತು ಸೆಂಟಿನವರೆಗೆ 11 ಬಗೆ. ಬೇಗನೇ ಕೈಬಿಟ್ಟರು, ಮತ್ತೆ ಬೇರೆ ರಾಜ್ಯಕ್ಕೆ ಮಾಡಲಿಲ್ಲ. ನಮ್ಮ ಊರಿನ ಮನೆಮನೆಯ ಅಟ್ಟದಿಂದ ಹುಡುಕಿ ಕೂಡಿಸಿದ ಲಕೋಟೆಗಳು ಅವು. ದುಡ್ಡು ಕೊಟ್ಟು ಕೊಂಡಿದ್ದು ಒಂದೂ ಇಲ್ಲ.

ಅಂಚೆ ಅಂದರೆ ಈ ಊರಿಗೆ ಸುಮ್ನೆ ಒಂದು ಕಚೇರಿ ಅಲ್ಲ. ಫ್ರಾಂಕ್ ಮಾರ್ಷಲ್ ಬಿಗ್ ಬ್ಲೂ ನದಿಗೆ ದೋಣಿ ಹಾಕಿ, ಹೆಂಡತಿ ಮೇರಿಯ ಹೆಸರನ್ನು ಊರಿಗೆ ಇಟ್ಟ. 1860ರ ಏಪ್ರಿಲ್ 3ಕ್ಕೆ ಪೋನಿ ಎಕ್ಸ್‌ಪ್ರೆಸ್, ಅಂದರೆ ಕುದುರೆ ಸವಾರರು ಕೈಯಿಂದ ಕೈಗೆ ದಾಟಿಸುವ ಅಂಚೆ, ಶುರುವಾದಾಗ ಇಲ್ಲಿನ ಕಲ್ಲಿನ ಲಾಯವೇ ಅದರ ತಂಗುದಾಣ. ಮಿಸೌರಿಯ ಸೇಂಟ್ ಜೋಸೆಫ್‌ನಿಂದ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊಗೆ ಸುಮಾರು 3,000 ಕಿಲೋಮೀಟರ್, ಹತ್ತು ದಿನ! ನಾಲ್ಕು ಜೇಬಿನ ಚರ್ಮದ ಹೊದಿಕೆಯನ್ನು ಜೀನಿನ ಮೇಲೆ ಹಾಕಿ ಅದರ ಮೇಲೇ ಕೂರುತ್ತಿದ್ದರು. ಕುದುರೆ ಬದಲಾದರೆ ಹೊದಿಕೆ ಎಳೆದು ಇನ್ನೊಂದರ ಮೇಲೆ ಎಸೆದರೆ ಆಯಿತು. ಅರ್ಧ ಔನ್ಸ್ ಕಾಗದಕ್ಕೆ ಮೊದಲು 5 ಡಾಲರ್, ಆಗಿನ ಕಾಲಕ್ಕೆ ಎಷ್ಟು ಜಾಸ್ತಿ ನೋಡಿ. 1861ರ ಅಕ್ಟೋಬರ್‌ನಲ್ಲಿ ಟೆಲಿಗ್ರಾಫ್ ತಂತಿ ಬಂತು, ಪೋನಿ ನಿಂತಿತು. ಲಾಯ ಇವತ್ತಿಗೂ ಗಟ್ಟಿಯಾಗಿದೆ. ಅದನ್ನು ನೋಡಿಕೊಳ್ಳುವವರು ಬೇರೆ. ಕುದುರೆ ನಿಂತ ಮೇಲಿನ ಕಥೆ ನಮ್ಮ ಪಾಲಿಗೆ ಬಂದಿದೆ.

ನನಗೆ ಆ ಕಥೆಯೇ ಹೆಚ್ಚು. ಸರ್ಕಾರದಿಂದ 160 ಎಕರೆ ಜಮೀನು ಸಿಗುತ್ತದೆ ಅಂತ ಬಂದು ಬಯಲಲ್ಲಿ ಗುಡಿಸಲು ಹಾಕಿಕೊಂಡವರಿಗೆ ಪಕ್ಕದ ಮನೆಯೂ ಕಣ್ಣಿಗೆ ಕಾಣುತ್ತಿರಲಿಲ್ಲ. ಕಾಗದ ಬಂದಿದೆಯಾ ಅಂತ ಕೇಳಲು ಗಾಡಿ ಕಟ್ಟಿಕೊಂಡು ಊರಿಗೇ ಬರಬೇಕು. ಹಿಮ ಬಿದ್ದರೆ ಅದೂ ಇಲ್ಲ. ಹಳ್ಳಿಯವರ ಮನೆಬಾಗಿಲಿಗೆ ಅಂಚೆ ಕೊಡುವುದನ್ನು ಅಮೆರಿಕದಲ್ಲಿ ಪರೀಕ್ಷೆಗೆ ಅಂತ ಶುರು ಮಾಡಿದ್ದೇ 1896ರಲ್ಲಿ. 1913ಕ್ಕೆ ಪಾರ್ಸೆಲ್ ಬಂತು. 1918ರಿಂದ ಆಗಷ್ಟೇ ಮೊಟ್ಟೆಯೊಡೆದ ಕೋಳಿಮರಿಗಳೂ ಅಂಚೆಯಲ್ಲಿ ಬಂದವು. ಗುಂಡು ತೂತುಗಳ ಆ ರಟ್ಟಿನ ಪೆಟ್ಟಿಗೆ ನಮ್ಮಲ್ಲಿದೆ. ಶಾಲೆಯ ಮಕ್ಕಳು ಬಂದರೆ ಮೊದಲು ತೂತಿಗೆ ಬೆರಳು ಹಾಕುತ್ತಾರೆ, ನಾವು ಬೈಯುವುದಿಲ್ಲ.

ನಾನು ಈ ಊರಿಗೆ ಬಂದ ಹೊಸದರಲ್ಲಿ ಅಮ್ಮನ ಕಾಗದ ದಾವಣಗೆರೆಯಿಂದ ನೀಲಿ ಏರೋಗ್ರಾಮ್‌ನಲ್ಲಿ ಬರುತ್ತಿತ್ತು. ಮೂರು ಕಡೆ ಮಡಿಸಿ, ಅಂಚಿನಲ್ಲೂ ಸಣ್ಣಗೆ ಬರೆದಿರುತ್ತಿದ್ದರು. ಅಂಚೆ ಕಿಟಕಿಯ ಆ ಹಿರಿಯ ಹೆಂಗಸು ನೀಲಿ ಬಣ್ಣ ಕಂಡ ಕೂಡಲೇ ತೆಗೆದಿಟ್ಟು, ನಾನು ಬಾಗಿಲಲ್ಲಿ ಕಂಡರೆ ಮೇಲೆತ್ತಿ ತೋರಿಸುತ್ತಿದ್ದರು. ಈ ಸಂಗ್ರಹ ನೋಡಿಕೊಳ್ಳುವ ಟ್ರಸ್ಟಿಗೆ ನಾನು ಸೇರಿದ್ದು ಅದಕ್ಕೇ.

ಈಗ ಲೆಕ್ಕಕ್ಕೆ ಬರುತ್ತೇನೆ. ಚಾವಣಿಗೆ ಹತ್ತಿರ ಹತ್ತಿರ 18 ಸಾವಿರ ಡಾಲರ್ ಅಂದಿದ್ದಾರೆ. ಆಮ್ಲವಿಲ್ಲದ ಕಾಗದದ ಡಬ್ಬಿಗಳಿಗೆ ಇನ್ನೊಂದು ಎರಡು ಸಾವಿರ ಆಗಬಹುದು. ಊರಿನವರು ಪ್ಯಾನ್‌ಕೇಕ್ ಊಟ ಹಾಕಿ, ಹಳೇ ಸಾಮಾನು ಮಾರಿ 11 ಸಾವಿರ ಕೂಡಿಸಿದ್ದಾರೆ. ಬಹುಪಾಲು ಎಪ್ಪತ್ತು ದಾಟಿದವರು, ಪಿಂಚಣಿಯ ದುಡ್ಡಿನಲ್ಲಿ ಕೊಟ್ಟಿದ್ದಾರೆ. ಅವರನ್ನು ಮತ್ತೆ ಕೇಳಲು ನನಗೆ ಬಾಯಿ ಬರುತ್ತಿಲ್ಲ. ಕೆಲಸದವರು ಅಕ್ಟೋಬರ್ ಕೊನೆಯವರೆಗೆ ಮಾತ್ರ ದಿನ ಹಿಡಿದಿಟ್ಟಿದ್ದಾರೆ. ಆಮೇಲೆ ಹಿಮ, ಮತ್ತೆ ವಸಂತಕ್ಕೇ.

ಐವತ್ತು ಡಾಲರ್ ಆದರೂ ಸರಿ, ಐನೂರಾದರೂ ಸರಿ. ಚೆಕ್ಕನ್ನು ಟ್ರಸ್ಟಿನ ಹೆಸರಿಗೇ ಬರೆಯಿರಿ, ನನ್ನ ಹೆಸರಿಗೆ ಬೇಡ. ರಸೀದಿ ಕಳಿಸುತ್ತೇವೆ. ದುಡ್ಡು ಕಷ್ಟ ಅನ್ನುವವರು ಒಂದು ಶನಿವಾರ ಬನ್ನಿ, ಒದ್ದೆಯಾದ ಲಕೋಟೆಗಳನ್ನು ಒಂದೊಂದೇ ಬಿಡಿಸಿ ಒಣಗಿಸುವ ಕೆಲಸ ಬೇಕಾದಷ್ಟಿದೆ. ಊಟ ನಮ್ಮ ಮನೆಯಲ್ಲಿ. ಆ ಕೆಂಪು ಸ್ಟಾಂಪು ಒಣಗಿದೆ, ಅದರ ಲಕೋಟೆಯೂ ಸಿಕ್ಕಿದೆ. ಎರಡನ್ನೂ ಒಟ್ಟಿಗೆ ಇಟ್ಟಿದ್ದೇನೆ, ಬಂದಾಗ ತೋರಿಸುತ್ತೇನೆ.

ಟ್ರಸ್ಟಿಗಳೆಲ್ಲರ ಪರವಾಗಿ,
ನಿಮ್ಮವನು