ಬರಾಕುಡಾ ಬರುತ್ತಂತೆ, ಹೌದಾ?

ಪ್ರಿಯ ಸೀನ,

ನೀನು ಕಳಿಸಿದ ವಿಡಿಯೊ ನೋಡಿದೆ. ನಾನು ಕಾರಿನ ಊರಾದ ಡೆಟ್ರಾಯಿಟ್ ಪಕ್ಕದಲ್ಲೇ ಇದ್ದೇನೆ ಅಂತ, ಹಳೇ ಅಮೆರಿಕನ್ ಕಾರು ಪ್ಲಿಮತ್ ಬರಾಕುಡಾ ನಿಜವಾಗಲೂ ವಾಪಸ್ ಬರುತ್ತಾ ಅಂತ ಕೇಳಿದ್ದೀಯ. ನನಗೆ ಕಾಣುವ ಮಟ್ಟಿಗೆ ಇಲ್ಲ ಕಣೋ. ಆ ವಿಡಿಯೊದಲ್ಲಿರುವ ಕಾರಂತೂ ಖಂಡಿತ ಬರಲ್ಲ. ಇನ್ನೊಂದು ಸಲ ನಿಲ್ಲಿಸಿ ನೋಡು. ಮುಂದಿನ ಚಕ್ರಕ್ಕೆ ಐದು ನಟ್ಟು, ಹಿಂದಿನದಕ್ಕೆ ಆರು. ಬಾಗಿಲಿಗೆ ಹಿಡಿಯೇ ಇಲ್ಲ. ನಂಬರ್ ಪ್ಲೇಟ್ ಮೇಲಿರುವುದು ಯಾವ ಲಿಪಿಯೋ ದೇವರೇ ಬಲ್ಲ. ಪೂರ್ತಿ ಕಂಪ್ಯೂಟರ್ ಬರೆದ ಚಿತ್ರ ಮಾರಾಯ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೋಡಿದ್ದೆವು, ಇವರು ಕೂಸಿನ ಫೋಟೊವನ್ನೇ ತೆಗೆದುಬಿಟ್ಟಿದ್ದಾರೆ.

ಈ ಗುಲ್ಲು ಹೊಸದಲ್ಲ. ಇದಕ್ಕೆ ಮುಖ್ಯ ಕಾರಣ ಡಾಡ್ಜ್ ಚಾಲೆಂಜರ್. ಡಾಡ್ಜ್, ಪ್ಲಿಮತ್ ಎರಡೂ ಕ್ರೈಸ್ಲರ್ ಕಂಪನಿಯ ಬ್ರ್ಯಾಂಡುಗಳು. 1970ರಲ್ಲಿ ಕಂಪನಿ ಒಂದೇ ತಳಹದಿಯ ಮೇಲೆ ಎರಡು ಕಾರು ಮಾಡಿತು. ಡಾಡ್ಜ್ ಅಂಗಡಿಗೆ ಚಾಲೆಂಜರ್, ಪ್ಲಿಮತ್ ಅಂಗಡಿಗೆ ಹೊಸ ಬರಾಕುಡಾ. ಎರಡೂ 1974ರಲ್ಲಿ ನಿಂತವು. ಚಾಲೆಂಜರ್ 2008ರಲ್ಲಿ ಹಳೇ ಮುಖ ಹೊತ್ತುಕೊಂಡೇ ವಾಪಸ್ ಬಂತು, ಹದಿನೈದು ವರ್ಷ ಚೆನ್ನಾಗಿಯೇ ಓಡಿತು. ಅಲ್ಲಿಂದ ಶುರುವಾಯಿತು, ಜೋಡಿಯಲ್ಲಿ ಒಂದು ಬಂತಲ್ಲ, ಇನ್ನೊಂದು ಯಾವಾಗ ಅಂತ. ಹೊಸ ಚಾಲೆಂಜರ್ ಕೊಂಡು ಅದಕ್ಕೆ ಕುಡಾದ, ಅಂದರೆ ಬರಾಕುಡಾದ, ಮುಖ ಕೂರಿಸಿ ಮಾರುವ ಸಣ್ಣ ಗ್ಯಾರೇಜುಗಳೂ ಹುಟ್ಟಿಕೊಂಡವು. ಅಂಥ ಒಂದು ಕಾರಿನ ಫೋಟೊ ಸಿಕ್ಕರೆ ಸಾಕು, ಸಿಕ್ಕಿಬಿದ್ದ ರಹಸ್ಯ ಅಂತ ಮತ್ತೆ ಹತ್ತು ವಿಡಿಯೊ.

ಇನ್ನೊಂದು ಕಾರಣ ಟ್ರೇಡ್‌ಮಾರ್ಕ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹಳೇ ಹೆಸರಿನ ಕಾರು ವಾಪಸ್ ಅನ್ನುವ ಅರ್ಧಕ್ಕರ್ಧ ಸುದ್ದಿ ಹುಟ್ಟುವುದೇ ಇಲ್ಲಿಂದ. ಅಮೆರಿಕದಲ್ಲಿ ಒಂದು ಹೆಸರನ್ನು ಸತತ ಮೂರು ವರ್ಷ ಬಳಸದೆ ಬಿಟ್ಟರೆ ಅದನ್ನು ಕೈಬಿಟ್ಟಿದ್ದೀರಿ ಅಂತಲೇ ಕಾನೂನು ಮೊದಲು ಲೆಕ್ಕ ಹಾಕುತ್ತದೆ. ಅಲ್ಲ ಅಂತ ತೋರಿಸುವುದು ಕಂಪನಿಯ ಪಾಡು. ಹಾಗಾಗಿ ಕಂಪನಿಗಳು ಆಗಾಗ ಅರ್ಜಿ ಹಾಕುತ್ತಲೇ ಇರುತ್ತವೆ. ಮುಂದೆ ಬಳಸುವ ಉದ್ದೇಶ ಇದೆ ಅಂತ ಬರೆದುಕೊಟ್ಟರೂ ಅರ್ಜಿ ನಡೆಯುತ್ತದೆ, ಕಾರು ತೋರಿಸಬೇಕಿಲ್ಲ. ಆಟದ ಕಾರು, ಟೀ ಶರ್ಟು, ಟೋಪಿಗೂ ಅದೇ ಹೆಸರು ಬೇಕಾಗುತ್ತದೆ. ಇದೆಲ್ಲ ಸಾರ್ವಜನಿಕ ದಾಖಲೆ. ಯಾರೋ ನೋಡಿ, ಕುಡಾ ಹೆಸರಿಗೆ ಅರ್ಜಿ ಬಿದ್ದಿದೆ ಅಂತ ಬರೆಯುತ್ತಾರೆ. ಅದು ನಾಲ್ಕು ಕೈ ದಾಟುವಷ್ಟರಲ್ಲಿ ಎಂಜಿನ್, ಬೆಲೆ, ಬಣ್ಣ ಎಲ್ಲ ಸೇರಿಕೊಂಡಿರುತ್ತದೆ.

ಹೆಸರು ಬಿಟ್ಟುಕೊಡಲು ಕಂಪನಿಗೆ ಹುಚ್ಚೇನು? ಹೆಮಿ ಅನ್ನುವ ದೊಡ್ಡ ಎಂಜಿನ್ ಇದ್ದ 1971ರ ಕುಡಾ ಓಪನ್ ಕಾರು ಆಗ ತಯಾರಾಗಿದ್ದು ಬರೀ 11. ಅದರಲ್ಲಿ ಒಂದು 2014ರಲ್ಲಿ ಸಿಯಾಟಲ್ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು. ತಮಾಷೆ ಏನು ಗೊತ್ತಾ, ಹೊಸದಾಗಿದ್ದಾಗ ಈ ಕಾರನ್ನು ಕೇಳುವವರೇ ಕಡಿಮೆ. ಬರಾಕುಡಾ ಮೊದಲು ಬಂದಿದ್ದು 1964ರ ಏಪ್ರಿಲ್ 1ಕ್ಕೆ, ಫೋರ್ಡ್ ಮಸ್ಟಾಂಗ್‌ಗಿಂತ ಎರಡು ವಾರ ಮುಂಚೆ. ಆದರೂ ಜನ ಮುಗಿಬಿದ್ದಿದ್ದು ಮಸ್ಟಾಂಗ್ ಮೇಲೆ. 1970ರಲ್ಲಿ 7 ಲೀಟರಿನ ಹೆಮಿ ಎಂಜಿನ್ ಸಿಗುವಷ್ಟರಲ್ಲಿ ಇನ್ಶೂರೆನ್ಸ್ ಕಂತು ಹುಡುಗರ ಕೈಗೆ ಎಟುಕದಂತಾಗಿತ್ತು, ಹೊಗೆ ಕಾನೂನು ಬಿಗಿಯಾಗುತ್ತಿತ್ತು. 1972ಕ್ಕೆ ಹೆಮಿಯೂ ಇಲ್ಲ, ಓಪನ್ ಕಾರೂ ಇಲ್ಲ. 1973ರ ಕೊನೆಗೆ ಅರಬ್ ದೇಶಗಳು ತೈಲ ನಿಲ್ಲಿಸಿದವು, ಅಲ್ಲಿಗೆ ಮುಗಿಯಿತು.

ಈಗ ಅದು ಬರಬೇಕು ಅಂದರೆ ಎಲ್ಲಿಂದ ಬರಬೇಕು ಹೇಳು? ಪ್ಲಿಮತ್ ಅನ್ನುವ ಬ್ರ್ಯಾಂಡನ್ನೇ 2001ರಲ್ಲಿ ಮುಚ್ಚಿದ್ದಾರೆ, ಒಬ್ಬ ಡೀಲರ್ ಕೂಡ ಉಳಿದಿಲ್ಲ. ಚಾಲೆಂಜರ್ ತಯಾರಾಗುತ್ತಿದ್ದ ಕೆನಡಾದ ಬ್ರಾಂಪ್ಟನ್ ಕಾರ್ಖಾನೆಯಿಂದ ಕೊನೆಯ ಕಾರು 2023ರ ಡಿಸೆಂಬರಿನಲ್ಲಿ ಹೊರಬಿತ್ತು. ಉಳಿದಿರುವುದು ಹೊಸ ಡಾಡ್ಜ್ ಚಾರ್ಜರ್‌ನ ತಳಹದಿ. ಅದರ ಬ್ಯಾಟರಿ ಮಾದರಿ ತೂಗುವುದು ಎರಡೂವರೆ ಟನ್ನಿಗೂ ಜಾಸ್ತಿ, ಪೆಟ್ರೋಲ್ ಮಾದರಿಗೆ ಹಾಕಿರುವುದು ಆರು ಸಿಲಿಂಡರ್. ಅದಕ್ಕೇ ಬೇರೆ ಗ್ರಿಲ್ ಅಂಟಿಸಿ ಕುಡಾ ಅಂತ ಬರೆದರೆ ನಿನಗೆ ಖುಷಿ ಆಗುತ್ತಾ? ನನಗಂತೂ ಆಗಲ್ಲ. ಪಾಂಟಿಯಾಕ್ ಜಿಟಿಒ ಅನ್ನುವ ಇನ್ನೊಂದು ಹಳೇ ಕಾರಿನ ಕಥೆ ಗೊತ್ತಲ್ವಾ? 2004ರಲ್ಲಿ ನಿಜವಾಗಿಯೂ ವಾಪಸ್ ಬಂತು. ಆಸ್ಟ್ರೇಲಿಯಾದ ಹೋಲ್ಡನ್ ಮೊನಾರೊ ಕಾರಿಗೆ ಹಳೇ ಹೆಸರು ಕೊಟ್ಟು ಹಡಗಿನಲ್ಲಿ ತಂದರು. ಎಂಜಿನ್ ಭರ್ಜರಿ, ಓಡಿಸಲು ಸೊಗಸು, ಆದರೆ ನೋಡಿದರೆ ಸಾದಾ ಬಾಡಿಗೆ ಕಾರಿನ ಹಾಗಿತ್ತು. ಮೂರೇ ವರ್ಷಕ್ಕೆ ನಿಂತುಹೋಯಿತು.

ಒಂದು ಮಾತು ನಿನ್ನ ಕಡೆಗೂ ಹೇಳಬೇಕು. ಹೋಯಿತು ಅಂದುಕೊಂಡಿದ್ದ ಹೆಮಿ ಎಂಜಿನ್ ಅದೇ ಗುಂಪಿನ 2026ರ ರಾಮ್ ಪಿಕಪ್ ಟ್ರಕ್ಕಿಗೆ ವಾಪಸ್ ಬಂದಿದೆ, ಮೈಲೇಜ್ ತಪ್ಪಿದ ಕಂಪನಿಗಳಿಗೆ ಹಾಕುತ್ತಿದ್ದ ದಂಡವನ್ನು 2025ರಲ್ಲಿ ಇಲ್ಲಿನ ಸರ್ಕಾರ ಸೊನ್ನೆ ಮಾಡಿದೆ. ದೊಡ್ಡ ಎಂಜಿನ್ನಿಗೆ ಗಾಳಿ ತಿರುಗಿರುವುದು ನಿಜ. ಆದರೆ ಹೊಸ ಕಾರು ಬರುವ ಲಕ್ಷಣವೇ ಬೇರೆ. ಬಿಡಿಭಾಗ ಮಾಡುವವರಿಗೆ ಡ್ರಾಯಿಂಗ್ ಬರಬೇಕು, ತಗಡು ಒತ್ತುವ ಡೈಗಳಿಗೆ ಆರ್ಡರ್ ಬೀಳಬೇಕು, ಕಪ್ಪು ಬಿಳುಪು ಚಿತ್ತಾರದ ಹೊದಿಕೆ ಹಾಕಿಕೊಂಡ ಪರೀಕ್ಷೆಯ ಕಾರುಗಳು ಇಲ್ಲಿನ ಹೈವೇಗಳಲ್ಲಿ ಓಡಾಡಬೇಕು. ಈ ಊರಲ್ಲಿ ಇಂಥದ್ದು ಮುಚ್ಚಿಡೋಕೆ ಆಗಲ್ಲ. ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತರೆ ಹಿಂದೆ ಮುಂದೆ ಇರುವವರಲ್ಲಿ ಒಬ್ಬರಾದರೂ ಕಾರಿನ ಕಂಪನಿಯವರೇ.

ಹಳೇದನ್ನು ನೋಡಬೇಕಾ, ಆಗಸ್ಟ್ ಮೂರನೇ ಶನಿವಾರಕ್ಕೆ ಬಾ. ಫರ್ನ್‌ಡೇಲ್‌ನಿಂದ ಪಾಂಟಿಯಾಕ್ ಊರಿನವರೆಗೆ ವುಡ್‌ವರ್ಡ್ ರಸ್ತೆ ತುಂಬ ಹಳೇ ಕಾರುಗಳು, 1995ರಿಂದ ನಡೆದುಬಂದಿದೆ. ಅಲ್ಲೊಬ್ಬ ಅಜ್ಜ ನಿಂಬೆ ಹಳದಿ ಬಣ್ಣದ 1970ರ ಕುಡಾ ತಂದಿದ್ದ. ಅದರ ಗಾಳಿ ಎಳೆಯುವ ಡಬ್ಬಿ ಬಾನೆಟ್ಟಿಗಲ್ಲ, ನೇರ ಎಂಜಿನ್ನಿಗೇ ಕೂರಿಸಿದ್ದು. ಬಾನೆಟ್ಟಿನಲ್ಲಿ ತೂತು ಕೊರೆದು ಮೇಲೆ ಬಂದಿರುತ್ತದೆ. ಸುಮ್ನೆ ನಿಂತಿದ್ದಾಗಲೂ ಬಾನೆಟ್ ಅಲ್ಲಾಡಲ್ಲ, ಡಬ್ಬಿ ಮಾತ್ರ ಗಡಗಡ ನಡುಗುತ್ತಿರುತ್ತದೆ. ಅಜ್ಜ ಒಮ್ಮೆ ಆಕ್ಸಿಲರೇಟರ್ ಒತ್ತಿದ ನೋಡು, ಇಡೀ ಡಬ್ಬಿ ಒಂದು ಪಕ್ಕಕ್ಕೆ ವಾಲಿ ವಾಪಸ್ ಬಂತು. ಪಕ್ಕದಲ್ಲಿ ನಿಂತಿದ್ದ ಹುಡುಗಿ ಐಸ್‌ಕ್ರೀಂ ಕೆಳಗೆ ಬೀಳಿಸಿಕೊಂಡಳು.

ವೀಸಾ ಸಂದರ್ಶನಕ್ಕೆ ದಿನಾಂಕ ಸಿಗುವುದು ತಡ, ಬರುವ ಮನಸ್ಸಿದ್ದರೆ ಈಗಲೇ ಅರ್ಜಿ ಹಾಕು. ಉಳಿಯಲು ನಮ್ಮ ಮನೆ ಇದೆ. ಅಮ್ಮನಿಗೆ ಕೇಳಿದೆ ಅಂತ ಹೇಳು.

ನಿನ್ನ,
ರಘು